ಕಾರ್ತಿಕ ಸೋಮವಾರದ ಪ್ರಸಾದದ ವಿಷಯವಾಗಿ ದ್ಯಾಮಮ್ಮ ಕೊಟ್ಟ ಎರಡನೇ ಹೇಳಿಕೆ

ಹೆಸರು ದ್ಯಾಮಮ್ಮ ಕೋಂ ಲೇಟ್ ವೀರಬಸಪ್ಪ, ವಯಸ್ಸು ಸುಮಾರು 54 ವರ್ಷ, ಲಿಂಗಾಯತರು, ಕಸಬು ಬೇಸಾಯ ಮತ್ತು ಮನೆಗೆಲಸ, ವಾಸ ತಾಳಗುಂದ ಗ್ರಾಮ, ಶಿಕಾರಿಪುರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ.

ನಾನು ಈ ದಿವಸ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದು ಏನೆಂದರೆ:

ನನ್ನ ಸೊಸೆ ರಾಜೇಶ್ವರಮ್ಮ, ವಯಸ್ಸು 20, ದಿನಾಂಕ 1-12-1958ರ ಸೋಮವಾರ ಶಿಕಾರಿಪುರದ ಹಲ್ಲಿನ ಡಾಕ್ಟರ್ ಗೋಪಾಲಪ್ಪನವರ ಷಾಪಿನಲ್ಲಿ ಹಲ್ಲು ಕೀಳಿಸುವ ವೇಳೆ ತೀರಿಕೊಂಡಳು. ಆ ಬಗ್ಗೆ ಅದೇ ದಿನ ಸಂಜೆ ನಮ್ಮಿಂದ ಒಂದು ಹೇಳಿಕೆ ಪಡೆದಿದ್ದಾರೆ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಡಾಕ್ಟರು ತಿಳಿಸಿರಲಿಲ್ಲ, ಏನಾದರೂ ತಿಂದಿದ್ದೀರಾ ಎಂದು ಕೇಳಲೂ ಇಲ್ಲ ಎಂದು ಅದರಲ್ಲಿದೆ. ಹಾಗೆ ಹೇಳಿದವನು ನನ್ನ ಮಗ, ಅವಳ ಗಂಡ ಚಂದ್ರಶೇಖರಪ್ಪ. ಅವನು ಆ ದಿನ ಷಾಪಿನಲ್ಲಿ ನಮ್ಮ ಜೊತೆ ಇರಲೇ ಇಲ್ಲ, ಊರಲ್ಲಿ ಕಣದ ಕೆಲಸದಲ್ಲಿದ್ದವನು ಸುದ್ದಿ ತಿಳಿದು ಆಮೇಲೆ ಬಂದ. ಹೌದೇನಮ್ಮ ಎಂದು ಸಬ್ ಇನ್ಸ್‌ಪೆಕ್ಟರ್ ಸಾಹೇಬರು ನನ್ನನ್ನು ಕೇಳಿದಾಗ ನಾನು ತಲೆ ಆಡಿಸಿ ಹೆಬ್ಬೆಟ್ಟು ಒತ್ತಿದೆ. ಆ ಹೇಳಿಕೆ ಸುಳ್ಳು.

ರಾಜೇಶ್ವರಮ್ಮ ಸೊರಬ ತಾಲ್ಲೂಕು ಆನವಟ್ಟಿಯ ಅಕ್ಕಿ ವ್ಯಾಪಾರಿ ಶಿವಮೂರ್ತಪ್ಪನವರ ಮಗಳು. ನಮ್ಮ ಮನೆಗೆ ಬಂದು ಎರಡು ವರ್ಷ ಏಳು ತಿಂಗಳಾಗಿತ್ತು. ನಾನು ಅವಳನ್ನು ರಾಜವ್ವ ಎಂದು ಕರೆಯುತ್ತಿದ್ದೆ. ನನ್ನ ಬಾಯಿ ಜೋರು, ಊರಿಗೇ ಗೊತ್ತು, ಅವಳಿಗೆ ಬೈದಿದ್ದೂ ಉಂಟು. ಅವಳು ಒಂದು ದಿನವೂ ನನಗೆ ಎದುರಾಡಿದವಳಲ್ಲ. ಇದೆಲ್ಲ ಕೇಸಿಗೆ ಬೇಕಾಗಿಲ್ಲ ಎಂದು ಠಾಣೆಯ ರೈಟರ್ ಹೇಳಿದರು. ಬೇಕು, ಬರೆದುಕೊಳ್ಳಿ ಎಂದು ನಾನು ಹೇಳಿದ್ದೇನೆ.

ದಿನಾಂಕ 25-11-1958ರ ಮಂಗಳವಾರ ಅವಳಿಗೆ ಬಲಗಡೆ ಕೆಳಗಿನ ಕೊನೇ ಹಲ್ಲು ನೋಯಲು ಶುರುವಾಯಿತು. ಲವಂಗ ಅರೆದು ಇಟ್ಟೆವು, ಇಂಗು ಇಟ್ಟೆವು, ಉಪ್ಪುನೀರು ಮುಕ್ಕಳಿಸಿದಳು. ಗುರುವಾರದ ಹೊತ್ತಿಗೆ ದವಡೆ ಊದಿ ಬಾಯೊಳಗೆ ಒಂದು ಬೆರಳಿಗಿಂತ ಹೆಚ್ಚು ಹೋಗುತ್ತಿರಲಿಲ್ಲ. ಅಂದಿನಿಂದ ಗಂಜಿಯ ತಿಳಿ ಬಿಟ್ಟರೆ ಬೇರೆ ಆಹಾರವಿಲ್ಲ. ನೋವೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಬೀಸುವಾಗ ಹಾಡುವುದನ್ನು ನಿಲ್ಲಿಸಿದ್ದಳು.

ದಿನಾಂಕ 29-11-1958ರ ಶನಿವಾರ ನಾನೇ ಅವಳನ್ನು ಶಿಕಾರಿಪುರಕ್ಕೆ ಕರೆದುಕೊಂಡು ಹೋದೆ. ನಮ್ಮೂರಿಂದ ಶಿರಾಳಕೊಪ್ಪ ಸುಮಾರು ಮೂರು ಮೈಲಿ ಗಾಡಿಯಲ್ಲಿ, ಅಲ್ಲಿಂದ ಹನ್ನೆರಡು ಮೈಲಿ ಬಸ್ಸಿನಲ್ಲಿ. ಡಾಕ್ಟರು ಹಲ್ಲು ನೋಡಿ, ಅದು ಅಡ್ಡಲಾಗಿ ಬೆಳೆದು ಬುಡದಲ್ಲಿ ಕೀವಾಗಿದೆ, ಕೀಳದೆ ಗತಿಯಿಲ್ಲ ಎಂದರು. ಕೀಳುವುದಕ್ಕೆ ದಾರಿಗಳಿವೆ ಎಂದು ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿವರಿಸಿದರು. ವಸಡಿಗೆ ಸೂಜಿ ಚುಚ್ಚಿ ಅಷ್ಟು ಜಾಗಕ್ಕೆ ಮಾತ್ರ ಜೋಮು ಹಿಡಿಸಬಹುದು. ಎಚ್ಚರ ಇರುತ್ತದೆ, ಕೀವು ಇರುವುದರಿಂದ ಜೋಮು ಪೂರಾ ಹಿಡಿಯದೆ ಸ್ವಲ್ಪ ನೋಯಬಹುದು. ಇಲ್ಲವೆಂದರೆ ಈಥರ್ ಎಂಬ ಔಷಧಿಯ ವಾಸನೆ ಕುಡಿಸಿ ನಿದ್ದೆ ಮಾಡಿಸಿ ಕೀಳಬಹುದು. ಆಗ ಏನೂ ತಿಳಿಯುವುದಿಲ್ಲ, ಆದರೆ ಅದರಲ್ಲಿ ಅಪಾಯವೂ ಇದೆ. ಎರಡೂ ಬೇಡವೆಂದರೆ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಡುತ್ತೇನೆ ಎಂದರು.

ರಾಜವ್ವ, ಸೂಜಿನೇ ಸಾಕ್ರೀ, ತಡ್ಕೋತೀನಿ ಎಂದಳು. ನಾನು ಒಪ್ಪಲಿಲ್ಲ. ನನಗೆ ಮೂವತ್ತು ವರ್ಷವಿದ್ದಾಗ ಆನವಟ್ಟಿ ಸಂತೆಯಲ್ಲಿ ಹಲ್ಲು ಕೀಳುವವನೊಬ್ಬ ನನ್ನ ಹಲ್ಲು ಕಿತ್ತಿದ್ದ. ಇಬ್ಬರು ಭುಜ ಹಿಡಿದಿದ್ದರು, ಅವನು ಎದೆಗೆ ಮೊಣಕಾಲು ಕೊಟ್ಟಿದ್ದ, ಸಂತೆಗೆ ಬಂದವರು ಸುತ್ತ ನಿಂತು ನೋಡುತ್ತಿದ್ದರು. ಹಲ್ಲು ಅರ್ಧಕ್ಕೆ ಮುರಿಯಿತು, ಉಳಿದರ್ಧಕ್ಕೆ ಮತ್ತೆ ಹಿಡಿದುಕೊಂಡರು. ಆ ಪಾಡು ಈ ಹುಡುಗಿಗೆ ಬೇಡವೆಂದು ನನಗೆ ಅನ್ನಿಸಿತು. ಅವಳಿಗೇನು ತಿಳಿತದ್ರೀ, ನಿದ್ದೆ ಮಾಡ್ಸೇ ಕೀಳ್ರಿ ಎಂದು ಡಾಕ್ಟರಿಗೆ ಹೇಳಿದೆ. ಅವರು ನನ್ನ ಮಾತಿಗೆ ಬಿಡದೆ ಅವಳನ್ನೇ ಕೇಳಿದರು. ಅತ್ತೆ ಹೇಳ್ದಂಗೇ ಆಗ್ಲಿ ಎಂದಳು.

ಆಗ ಡಾಕ್ಟರು ಹೇಳಿದ್ದು: ಭಾನುವಾರ ರಾತ್ರಿ ಒಂಬತ್ತರ ಮೇಲೆ ಅನ್ನ, ಹಾಲು, ಕಾಫಿ, ಹಣ್ಣು ಏನೂ ಕೂಡದು, ಬೆಳಿಗ್ಗೆ ನೀರೂ ಕೂಡದು. ನಿದ್ದೆಯಲ್ಲಿದ್ದಾಗ ವಾಂತಿ ಬಂದರೆ ಅದು ಶ್ವಾಸಕ್ಕೆ ಇಳಿಯುತ್ತದೆ, ಎಚ್ಚರವಿದ್ದವರ ಹಾಗೆ ಕೆಮ್ಮಿ ಹೊರಗೆ ಹಾಕಲು ಆಗುವುದಿಲ್ಲ. ಇದನ್ನೇ ಕಂಪೌಂಡರ್ ಬೆನಕಪ್ಪ ಬಾಗಿಲವರೆಗೆ ಬಂದು ಮತ್ತೊಮ್ಮೆ ಹೇಳಿದ. ಬೆನಕಪ್ಪ ನಲವತ್ತು ದಾಟಿದ ಮನುಷ್ಯ, ಹೇಳಿದ್ದನ್ನೇ ಹೇಳುತ್ತಾನೆ, ನನಗೆ ಬೇಸರ ಬಂದು ಕೇಳಿಸ್ತಪ್ಪ ಎಂದು ಗದರಿಸಿದೆ. ಡಾಕ್ಟರು ನೋವಿಗೂ ಬಾವಿಗೂ ಮಾತ್ರೆ ಕೊಟ್ಟು ಸೋಮವಾರ ಒಂಬತ್ತು ಗಂಟೆಗೆ ಬರಲು ತಿಳಿಸಿದರು.

ಮಾತ್ರೆಯಿಂದ ಭಾನುವಾರ ರಾತ್ರಿ ಬಾವು ಸ್ವಲ್ಪ ಇಳಿಯಿತು. ದಿನಾಂಕ 1-12-1958ರ ಸೋಮವಾರ ಬೆಳಿಗ್ಗೆ ಸುಮಾರು ಐದು ಗಂಟೆಗೆ ಇಬ್ಬರೂ ಎದ್ದು ಸ್ನಾನ ಮಾಡಿದೆವು. ಅದು ಕಾರ್ತಿಕ ಸೋಮವಾರ. ಒಲೆಯ ಮುಂದೆ ಕೂದಲು ಆರಿಸಿಕೊಳ್ಳುತ್ತ ರಾಜವ್ವ, ಅತ್ತೆ, ಹೊಟ್ಟೆ ಹಸೀತದೆ ಎಂದಳು. ನಾಲ್ಕು ದಿನದಲ್ಲಿ ಅವಳು ಹಸಿವೆಂದು ಹೇಳಿದ್ದು ಅದೇ ಮೊದಲು.

ನಮ್ಮಲ್ಲಿ ಲಿಂಗಪೂಜೆ ಮಾಡಿದ ಮೇಲೆ ಪ್ರಸಾದ ತೆಗೆದುಕೊಳ್ಳದೆ ಏಳುವ ಪದ್ಧತಿಯಿಲ್ಲ. ಲಿಂಗಕ್ಕೆ ಅರ್ಪಿಸಿದ್ದು ಊಟದ ಲೆಕ್ಕಕ್ಕೆ ಬರುವುದಿಲ್ಲ, ಒಪ್ಪೊತ್ತು ಇರುವವರೂ ತೆಗೆದುಕೊಳ್ಳುತ್ತಾರೆ. ಬೇರೆ ದಿನ ನಾವು ಇಡುವುದು ಒಂದು ಚಮಚ ಹಾಲು, ಬೆರಳ ತುದಿಯಷ್ಟು ಬಾಳೆಹಣ್ಣು. ಆ ದಿನ ನಾನು ಒಂದು ಪಾವು ಹಾಲು ಕಾಯಿಸಿ, ಎರಡು ಬಾಳೆಹಣ್ಣು ಕಿವುಚಿ, ಒಂದು ಹಿಡಿ ತೆಳು ಅವಲಕ್ಕಿ ನೆನೆಸಿ, ಬೆಲ್ಲ ಹಾಕಿ, ಅಷ್ಟನ್ನೂ ಲಿಂಗಕ್ಕೆ ತೋರಿಸಿದೆ. ಪದ್ಧತಿ ದೇವರದು ಇರಬಹುದು. ಅಳತೆ ನನ್ನದು. ಡಾಕ್ಟರ ಮಾತನ್ನೂ ಮೀರಿದಂತಾಗಬಾರದು, ಹುಡುಗಿಯ ಹೊಟ್ಟೆಗೂ ಏನಾದರೂ ಬೀಳಬೇಕು ಎಂದು ನಾನು ಹೂಡಿದ ಉಪಾಯ ಅದು. ತಿಳಿಯದೆ ಮಾಡಿದ್ದಲ್ಲ.

ರಾಜವ್ವ, ಬ್ಯಾಡ ಅತ್ತೆ, ಡಾಕ್ಟರು ಹೇಳ್ಯಾರಲ್ಲ ಎಂದಳು. ಪ್ರಸಾದಕ್ಕೆ ಬ್ಯಾಡ ಅನ್ಬಾರ್ದು ಎಂದು ಹೇಳಿ ನಾನೇ ಚಮಚದಿಂದ ಬಾಯಿಗೆ ಹಾಕಿದೆ. ಅರ್ಧ ಬಟ್ಟಲಾದ ಮೇಲೆ ಅವಳೇ ಬಟ್ಟಲು ಕೈಗೆ ತೆಗೆದುಕೊಂಡಳು. ಚೂರೂ ಬಿಡದೆ ತಿಂದಳು. ನಾನು ಎದುರಿಗೆ ಕೂತು ನೋಡಿದೆ, ನನಗೆ ಬಹಳ ಸಂತೋಷವಾಯಿತು. ಆಗ ಸುಮಾರು ಆರೂವರೆ ಗಂಟೆ.

ಏಳು ಗಂಟೆಗೆ ಗಾಡಿ ಹೊರಟಿತು. ಎಂಟಕ್ಕೆ ಶಿರಾಳಕೊಪ್ಪದಲ್ಲಿ ಬಸ್ಸು ಹತ್ತಿ ಒಂಬತ್ತಕ್ಕೆ ಮೊದಲು ಶಿಕಾರಿಪುರದಲ್ಲಿ ಇಳಿದೆವು. ಷಾಪಿನ ಬಾಗಿಲಲ್ಲೇ ಬೆನಕಪ್ಪ, ಬೆಳಿಗ್ಗೆಯಿಂದ ಏನೂ ತಗೊಂಡಿಲ್ಲ ತಾನೆ ಎಂದು ಕೇಳಿದ. ಇಲ್ಲ ಎಂದೆ. ಒಳಗೆ ಡಾಕ್ಟರು ನನ್ನನ್ನು, ಕಾಫಿ, ನೀರು, ಏನಾದ್ರೂ ಕೊಟ್ರೇನಮ್ಮ ಎಂದು ಕೇಳಿದರು. ಏನೂ ಇಲ್ರೀ ಎಂದೆ. ಮನಸ್ಸಿನಲ್ಲಿ ಪ್ರಸಾದವೆಂದೇ ಇತ್ತು. ಇತ್ತು ಎಂದರೂ ಅಳುಕೂ ಇತ್ತು. ಹೇಳಿದರೆ ವಾಪಸ್ಸು ಕಳಿಸುತ್ತಾರೆ, ಹುಡುಗಿ ಮತ್ತೆ ಉಪವಾಸ ಬೀಳಬೇಕು, ಹೇಳಿದ ಮಾತು ಕೇಳದವರೆಂದು ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ಹೋಗುತ್ತದೆ ಎಂದು ಯೋಚಿಸಿದೆ.

ಒಂಬತ್ತು ಮುಕ್ಕಾಲಿಗೆ ಡಾಕ್ಟರು ತಂತಿಯ ಜಾಳಿಗೆಗೆ ಬಟ್ಟೆ ಸುತ್ತಿದ್ದನ್ನು ಅವಳ ಮೂಗಿನ ಮೇಲೆ ಇಟ್ಟು, ಬೆನಕಪ್ಪನಿಂದ ಔಷಧಿಯನ್ನು ಹನಿ ಹನಿಯಾಗಿ ಬಿಡಿಸಿದರು. ನನ್ನನ್ನು ಹೊರಗೆ ಕೂರಲು ಹೇಳಿದರು. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ. ಹಲ್ಲು ಬಂತು. ಒಂದು ಸಲಕ್ಕೇ ಬಂತು, ಅವಳು ಮುಖವನ್ನೂ ಕಿವುಚಲಿಲ್ಲ. ನೋಡಿದ್ಯಾ, ನಿದ್ದೆ ಎಷ್ಟು ಒಳ್ಳೆಯದಾಯಿತು ಎಂದು ನಾನು ನನಗೇ ಹೇಳಿಕೊಂಡೆ. ಆಮೇಲೆ ಅವಳ ಹೊಟ್ಟೆ ಎರಡು ಸಲ ಮೇಲಕ್ಕೆ ಎದ್ದಿತು. ಬಾಯಿಂದ ಮೂಗಿನಿಂದ ಹಾಲು ಬಂತು.

ಡಾಕ್ಟರು ಕೂಡಲೇ ಅವಳನ್ನು ಮಗ್ಗುಲಿಗೆ ತಿರುಗಿಸಿದರು, ತಲೆ ತಗ್ಗಿಸಿದರು, ಬೆರಳಿಗೆ ಬಟ್ಟೆ ಸುತ್ತಿ ಗಂಟಲವರೆಗೆ ಹಾಕಿ ಅವಲಕ್ಕಿ ತೆಗೆದರು, ರಬ್ಬರಿನ ನಳಿಗೆಗೆ ತಮ್ಮ ಬಾಯಿ ಇಟ್ಟು ಎಳೆದು ಉಗಿದರು. ಅವಳ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಏನು ಕೊಟ್ರಿ ಅಮ್ಮ, ಎಷ್ಟು ಹೊತ್ತಿಗೆ ಕೊಟ್ರಿ ಎಂದು ಡಾಕ್ಟರು ನನ್ನನ್ನು ಕೇಳಿದರು. ಆಗಲೂ ನಾನು ಏನೂ ಇಲ್ಲ ಎಂದೆ. ನೆಲದ ಮೇಲೆ ಬಿದ್ದ ಅವಲಕ್ಕಿಯನ್ನು ನೋಡುತ್ತಲೇ ಹೇಳಿದೆ. ಹತ್ತೂಕಾಲಿಗೆ ಬಾಡಿಗೆ ಕಾರಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಸಾಗಿಸಿದರು. ಪ್ರಾಣ ಹೋಗಿದೆ ಎಂದು ಅಲ್ಲಿಯ ಡಾಕ್ಟರು ಹೇಳಿದರು. ನನಗೆ ಗಡಿಯಾರ ನೋಡಲು ಬರುವುದಿಲ್ಲ, ಈ ಹೊತ್ತುಗಳನ್ನೆಲ್ಲ ಅಲ್ಲಲ್ಲಿ ಇದ್ದವರಿಂದ ಕೇಳಿ ತಿಳಿದು ಬರೆಸಿದ್ದೇನೆ.

ಮಂಗಳವಾರ ಮಧ್ಯಾಹ್ನ ಅವಳನ್ನು ನಮ್ಮ ಹೊಲದಲ್ಲೇ ಸಮಾಧಿ ಮಾಡಿದೆವು. ಅವಳ ತಂದೆ ಶಿವಮೂರ್ತಪ್ಪನವರು ಡಾಕ್ಟರ ಮೇಲೆ ದೂರು ಬರೆದುಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಮಗಳನ್ನು ಕಳೆದುಕೊಂಡವರು, ನಮ್ಮ ಮಾತನ್ನು ನಂಬಿ ಬರೆದಿದ್ದಾರೆ. ಬುಧವಾರ ಯಾರೋ ಡಾಕ್ಟರ ಷಾಪಿಗೆ ನುಗ್ಗಿ ಸೀಸೆಗಳನ್ನೆಲ್ಲ ಬೀದಿಗೆ ಹಾಕಿ ಒಡೆದರು. ಹಾಗೆ ಒಡೆದವರಲ್ಲಿ ಒಬ್ಬನೂ ನನ್ನ ಸೊಸೆಯ ಮುಖ ಕಂಡವನಲ್ಲ.

ನಿನ್ನೆ, ಅಂದರೆ ದಿನಾಂಕ 4-12-1958ರ ಗುರುವಾರ, ಬೆಳಿಗ್ಗೆ ಸುಮಾರು ಹನ್ನೊಂದಕ್ಕೆ ಬೆನಕಪ್ಪ ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ, ನೀರು ಕೊಟ್ಟರೂ ಮುಟ್ಟಲಿಲ್ಲ. ಡಾಕ್ಟರನ್ನ ನಾಳೆ ಹಿಡ್ಕೊಂಡು ಹೋಗ್ತಾರಂತೆ, ನಾನು ಅವರ ಆಳು, ನನ್ನ ಮಾತು ನಡಿಯಲ್ಲ ಎಂದ. ಹೊರಡುವ ಮುಂಚೆ, ನಾವು ಕೇಳಿದ್ವಲ್ಲಮ್ಮ ಎಂದ. ಬೈಯಲಿಲ್ಲ, ಅಳಲಿಲ್ಲ, ಸೈಕಲ್ಲು ತಿರುಗಿಸಿಕೊಂಡು ಹೋದ. ಬೈದಿದ್ದರೆ ನಾನೂ ಎರಡು ಮಾತು ಆಡಿ ಬಾಗಿಲು ಹಾಕಿಕೊಳ್ಳುತ್ತಿದ್ದೆನೋ ಏನೋ.

ಮಧ್ಯಾಹ್ನ ಮಗನಿಗೆ ಎಲ್ಲ ಹೇಳಿದೆ. ಅವನು, ಅವ್ವಾ, ಹೋದೋಳು ಬರ್ತಾಳೇನು, ಸುಮ್ನಿದ್ದುಬಿಡು, ಅತ್ತೆನೇ ಕೊಂದ್ಲು ಅಂತಾರೆ ಎಂದ. ಅನ್ನಲಿ ಎಂದೆ. ಹಾಗೆಂದು ಅವನೆದುರು ಹೇಳಿದೆನೇ ಹೊರತು ನನಗೆ ಹೆದರಿಕೆ ಇದೆ. ಬಸ್ಸಿನಲ್ಲಿ ಬರುವಾಗ ಎರಡು ಸಲ ಇಳಿದುಬಿಡೋಣ ಎನ್ನಿಸಿತು.

ಡಾಕ್ಟರು ಹೇಳಬೇಕಾದ್ದನ್ನು ಹೇಳಿದ್ದರು, ಕೇಳಬೇಕಾದ್ದನ್ನು ಕೇಳಿದ್ದರು. ಅವರ ಮೇಲೂ ಬೆನಕಪ್ಪನ ಮೇಲೂ ನನ್ನದೇನೂ ದೂರಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ರೈಟರ್ ನನಗೆ ಓದಿ ಹೇಳಿದರು. ಹೆಬ್ಬೆಟ್ಟು ಒತ್ತಲು ಕೈ ಮುಂದೆ ಮಾಡಿ ಮತ್ತೆ ಹಿಂದಕ್ಕೆ ತೆಗೆದುಕೊಂಡು ಈ ಕೆಳಗಿನದನ್ನು ಸೇರಿಸಿ ಬರೆಸುತ್ತಿದ್ದೇನೆ. ಇದನ್ನು ಮಗನಿಗೂ ಹೇಳಿಲ್ಲ.

ಬಾಗಿಲಲ್ಲಿ ಬೆನಕಪ್ಪ ಒಂದು ಸಲ, ಒಳಗೆ ಡಾಕ್ಟರು ಒಂದು ಸಲ ಕೇಳಿದ ಮೇಲೆ, ಔಷಧಿ ಬಿಡುವ ಮೊದಲು ಡಾಕ್ಟರು ಮೂರನೇ ಸಲವೂ ಕೇಳಿದರು. ನನ್ನನ್ನಲ್ಲ, ರಾಜವ್ವನನ್ನು. ಅವಳು ಕುರ್ಚಿಗೆ ಒರಗಿದ್ದಳು, ನಾನು ನಾಲ್ಕು ಮೊಳ ದೂರದಲ್ಲಿ ಪರದೆಯ ಹತ್ತಿರ ನಿಂತಿದ್ದೆ. ಡಾಕ್ಟರು ಜಾಳಿಗೆಯನ್ನು ಕೈಯಲ್ಲಿ ಹಿಡಿದು, ನೀನೇ ಹೇಳಮ್ಮ, ಹೆದರ್ಬೇಡ, ಏನಾದ್ರೂ ತಿಂದಿದ್ರೆ ಇವತ್ತು ಸೂಜಿ ಹಾಕಿ ಕೀಳ್ತೀನಿ ಎಂದರು. ಅವಳು ಹೇಳಲು ಬಾಯಿ ತೆರೆದಳು. ಅದಕ್ಕೆ ಮೊದಲು ನನ್ನ ಮುಖ ನೋಡಿದಳು. ನಾನು ಕಣ್ಣಲ್ಲೇ ಗದರಿಸಿದೆ. ಬೇರೆ ಯಾರೂ ಅದನ್ನು ನೋಡಲಿಲ್ಲ. ಅವಳು ಡಾಕ್ಟರ ಕಡೆ ತಿರುಗಿ, ಇಲ್ರೀ ಎಂದಳು. ಆಮೇಲೆ ಅವಳು ಮಾತಾಡಲಿಲ್ಲ.

ನನ್ನ ಸೊಸೆ ಸುಳ್ಳು ಹೇಳಿ ಸತ್ತಳೆಂದು ಯಾವ ಕಾಗದದಲ್ಲೂ ಬರಬಾರದು. ಆ ಮಾತು ನನ್ನದು, ಅವಳದಲ್ಲ.

ಸೇರಿಸಿ ಬರೆದದ್ದನ್ನೂ ಓದಿಸಿ ಕೇಳಿದ್ದೇನೆ. ನಾನು ಹೇಳಿದ್ದಷ್ಟೇ ಇದೆ, ಇರುವುದೆಲ್ಲ ನಿಜ, ಮೊದಲಿನ ಹೇಳಿಕೆಯನ್ನು ನಂಬಬಾರದು.

ಸ್ಥಳ: ಶಿಕಾರಿಪುರ
ದಿನಾಂಕ: 5-12-1958, ಶುಕ್ರವಾರ, ಮಧ್ಯಾಹ್ನ 12-20

ದ್ಯಾಮಮ್ಮ ಕೋಂ ಲೇಟ್ ವೀರಬಸಪ್ಪ
ಎಡಗೈ ಹೆಬ್ಬೆಟ್ಟಿನ ಗುರುತು