ಎಂಟನೇ ಚೆಂಡು

ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನನ್ನ ಸೋದರತ್ತೆಯ ಮಗ ಎವಾನ್‌ಗೆ ಆದದ್ದು. ತಾರೀಖು ಬರೆದಿಟ್ಟಿದ್ದೇನೆ: ಸೆಪ್ಟೆಂಬರ್ ಹತ್ತೊಂಬತ್ತು, ಶುಕ್ರವಾರ.

ಅವತ್ತು ಎವಾನ್ ಹಬೆಮನೆಯಲ್ಲಿ ಬೆವರು ಸುರಿಸಿ, ಟವೆಲ್ ಹೆಗಲಿಗೆ ಹಾಕಿಕೊಂಡು ಸರೋವರದ ದಂಡೆ ಹಿಡಿದು ಹೊರಟಿದ್ದ. ಕತ್ತಲಾಗಿತ್ತು. ಒಂದು ವರ್ಷದಿಂದ ಅವನು ಆ ದಾರಿ ತುಳಿದಿರಲಿಲ್ಲ. ಮೇಲಿನ ದಾರಿಯಲ್ಲಿ ಕರಡಿ ಇದೆ ಅಂದಿದ್ದರು... ಅದಕ್ಕೇ ಇತ್ತ ಬಂದ.

ನೀರಿಗೆ ಚಾಚಿದ ಹಲಗೆಕಟ್ಟೆಗೆ ವಿಮಾನವೊಂದನ್ನು ಕಟ್ಟಿದ್ದರು. ಅಲಾಸ್ಕಾದ ನಮ್ಮ ಕಡೆಗೆ ರಸ್ತೆಯಿಲ್ಲ; ಸಣ್ಣ ವಿಮಾನ ನೀರಿನ ಮೇಲೇ ಇಳಿಯಬೇಕು, ನೀರಿನ ಮೇಲಿಂದಲೇ ಏಳಬೇಕು. ಚಕ್ರದ ಜಾಗದಲ್ಲಿ ಎರಡು ತಗಡಿನ ತೇಲುಗಾಲು, ಒಂದೊಂದರಲ್ಲಿ ನಾಲ್ಕು ಖಾನೆ. ಹೊರಡುವ ಮುಂಚೆ ಖಾನೆಯ ಬಾಯಿಗಿಟ್ಟ ರಬ್ಬರ್ ಚೆಂಡು ಕಿತ್ತು, ಕೈಪಂಪಿನಿಂದ ಒಳಗೆ ಸೇರಿದ ನೀರು ತೆಗೆದು, ಚೆಂಡನ್ನು ಮತ್ತೆ ಒತ್ತಬೇಕು.

ಗುಳಕ್... ಗುಳಕ್... ಫುಸ್.

ಎವಾನ್ ನಿಂತ. ನೀರು ಮುಗಿದು ಪಂಪು ಗಾಳಿ ಎಳೆಯುವ ಸದ್ದು. ಆಮೇಲೆ... ಪಟ್. ಚೆಂಡು ಒತ್ತಿದ್ದು.

“ಯಾರದು? ಪೈಲಟ್ಟಣ್ಣನಾ?”

ಕಟ್ಟೆಯ ಮೇಲೆ ಯಾರೂ ಇಲ್ಲ. ಎವಾನ್ ತನಗೇ ಗೊತ್ತಿಲ್ಲದೆ ಎಣಿಸತೊಡಗಿದ. ಏಳು ಸಲ ಪಟ್ ಎಂದಿತು. ಎಂಟನೆಯದಕ್ಕೆ ಗುಳಕ್... ಫುಸ್... ಅಷ್ಟೇ. ಪಟ್ ಎನ್ನಲಿಲ್ಲ.

“ಎವಾನ್...” ಕಿವಿಯ ಹತ್ತಿರವೇ ಪಿಸುದನಿ. “ಎಂಟನೇದು ಎಲ್ಲೋ?”

ಜಕಾರ್ ಭಾವನ ದನಿ. ಅಕ್ಕ ಒಕಲೀನಾಳ ಗಂಡ. ಹಿಂದಿನ ವರ್ಷ ಇದೇ ಕಟ್ಟೆಯಿಂದ ದೊಡ್ಡ ಮೂಸ್ ಜಿಂಕೆಯ ಮಾಂಸ ಹೇರಿಕೊಂಡು ಹೊರಟವನ ವಿಮಾನ, ನೀರು ಬಿಟ್ಟು ಏಳುವ ಹೊತ್ತಿಗೆ ಎಡಕ್ಕೆ ವಾಲಿ ಮಗುಚಿತ್ತು. ಆಸೆಗೆ ಬಿದ್ದು ಮಾಂಸ ಹೆಚ್ಚು ಹೇರಿದ, ಸತ್ತ ಎಂದಿತು ಊರು. ಆ ಮಾತು ಕೇಳಿ ಕೇಳಿ ಒಕಲೀನಾ ಚರ್ಚಿಗೆ ಹೋಗುವುದನ್ನೇ ಬಿಟ್ಟಿದ್ದಳು.

ನಿಜ ಗೊತ್ತಿದ್ದದ್ದು ಎವಾನ್‌ಗೆ ಮಾತ್ರ. ಅವತ್ತು ಪಂಪು ಹೊಡೆದವನು ಅವನೇ. “ಬೇಗ ಹೊಡಿಯೋ, ಹೆಂಡ್ತಿ ಕರೆದಾಗ ಓಡ್ತೀಯಲ್ಲ, ಆ ಚುರುಕು ಇಲ್ಲಿ ತೋರ್ಸು” ಎಂದು ಭಾವ ಕಿಚಾಯಿಸಿದ್ದ. ಎವಾನ್ ನಗುನಗುತ್ತಾ ಎಂಟನೇ ಚೆಂಡನ್ನು ಜೇಬಿಗೆ ಹಾಕಿಕೊಂಡ. ಮರೆತ. ಖಾನೆಯ ತೆರೆದ ಬಾಯಿಂದ ನೀರು ನುಗ್ಗಿತು. ಮಣ್ಣು ಮಾಡಿ ಬಂದ ಮೇಲೆ ದೋಣಿಯಲ್ಲಿ ಹೋಗಿ, ಚೆಂಡನ್ನು ಸರೋವರದ ನಡುವೆ ಎಸೆದುಬಂದ. ಕೆಂಪು ಚೆಂಡು. ಹುಲ್ಲಲ್ಲಿ ಬಿದ್ದರೆ ಕಾಣಲಿ ಎಂದು ಗಂಡನ ವಿಮಾನದ ಎಂಟೂ ಚೆಂಡಿಗೆ ಒಕಲೀನಾ ಉಗುರುಬಣ್ಣ ಬಳಿದಿದ್ದಳು.

“ಎಲ್ಲೋ...?”

ಎವಾನ್ ಓಡಿದ. ಟವೆಲ್ ಎಲ್ಲಿ ಬಿತ್ತೋ. ಅಕ್ಕನ ಬಾಗಿಲು ಬಡಿದ.

“ಕರಡಿ ಅಟ್ಟಿಸ್ಕೊಂಡು ಬಂತೇನೋ?”

“ಅಕ್ಕ... ಭಾವ ಮಾಂಸ ಹೆಚ್ಚು ಹೇರಿರ್ಲಿಲ್ಲ. ಚೆಂಡು ನನ್ನ ಜೇಬಲ್ಲಿತ್ತು.”

ಒಲೆಯಲ್ಲಿ ಕಟ್ಟಿಗೆ ಚಟ್ ಎಂದಿತು.

“ಭಾನುವಾರ ಚರ್ಚಲ್ಲಿ ಎಲ್ಲರ ಎದುರು ಹೇಳ್ತೀಯಾ?”

“ಹೇಳ್ತೀನಿ.”

“ಹಾಗಾದ್ರೆ ಒಳಗೆ ಬಾ. ಟೀ ಇದೆ.”

ಬೆಳಿಗ್ಗೆ ಕಟ್ಟೆಯ ಮೇಲೆ ಪೈಲಟ್ ಗೊಣಗುತ್ತಿದ್ದ. “ಇದ್ಯಾರ ಕೆಲಸ? ನನ್ನವೆಲ್ಲ ಕಪ್ಪು ಚೆಂಡು.” ಎಡ ತೇಲುಗಾಲಿನ ಹಿಂದಿನ ಖಾನೆಯ ಕಪ್ಪು ಚೆಂಡು ಹಲಗೆಯ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ ಕೆಂಪು ಚೆಂಡು ಕೂತಿತ್ತು.

ಎವಾನ್ ಭಾನುವಾರ ಹೇಳಿದ. ನಾನು ಎರಡನೇ ಸಾಲಿನಲ್ಲಿದ್ದೆ, ಪಕ್ಕದಲ್ಲಿ ಒಕಲೀನಾ. ಆ ಚೆಂಡು ಈಗ ಅವಳ ಹೊಲಿಗೆ ಡಬ್ಬಿಯಲ್ಲಿದೆ, ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಒರೆಸಿ, ಒಲೆಯ ಪಕ್ಕ ಒಣಗಿಸಿಯೇ ಇಡುತ್ತಾಳೆ. ಆದರೂ ತಿಂಗಳೊಳಗೆ ಡಬ್ಬಿಯ ಸೂಜಿಗಳಿಗೆಲ್ಲ ತುಕ್ಕು. ಹೋದ ಮಂಗಳವಾರವೂ ನನ್ನ ಹತ್ತಿರ ಎರಡು ಸೂಜಿ ಇಸಿದುಕೊಂಡು ಹೋದಳು.