ಉಬ್ಬಸ ಬೇರೆ, ಹೆದರಿಕೆ ಬೇರೆ

ಈ ಬೀಳ್ಕೊಡುಗೆ ಸಭೆಯ ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ವರ್ಗವಾಗಿ ಹೊರಟಿರುವ ನಮ್ಮ ಡಾಕ್ಟರ್ ಕುಕ್ಕಪ್ಪ ಗೌಡರೇ, ಕಡಬದ ಸಭಿಕರೇ,

ಜವಳಿ ಅಂಗಡಿಯ ಮೂಸಕುಂಞಿಗೆ ಭಾಷಣ ಗೊತ್ತುಂಟಾ ಎಂದು ನೀವು ನಗಬಹುದು. ನಗಿ. ಆದರೆ ಈ ಡಾಕ್ಟರರ ವಿಷಯ ನನಗಿಂತ ಚೆನ್ನಾಗಿ ಹೇಳುವವರು ಯಾರಿದ್ದಾರೆ?

ಐವತ್ತೆಂಟನೇ ಇಸವಿಯ ಮಳೆಗಾಲದಲ್ಲಿ ನನಗೆ ಉಬ್ಬಸ ಬಂತು. ನೋಡಲು ಬಂದವರೆಲ್ಲ ಕಿತ್ತಳೆ ತಂದರು, ಜೊತೆಗೆ ಒಂದೊಂದು ಸಾವನ್ನೂ ತಂದರು. "ನಮ್ಮ ಮಾವನಿಗೂ ಇದೇ ಮಾರಾಯ್ರೆ, ಮಾತಾಡ್ತಾ ಇದ್ದ ಹಾಗೆಯೇ ಹೋದರು!" ಅಷ್ಟು ಹೇಳಿ, ಚಾ ಕುಡಿದು ಹೋಗುತ್ತಿದ್ದರು. ನಮ್ಮೂರಿನ ಪ್ರೀತಿ ಇದು, ಏನು ಮಾಡುವುದು?

ಮದ್ದಿನಿಂದ ಉಬ್ಬಸ ಹತೋಟಿಗೆ ಬಂತು. ಹೆದರಿಕೆ ಹತೋಟಿಗೆ ಬರಲಿಲ್ಲ. ಮಸೀದಿಯ ಸಾಲಿನಲ್ಲಿ ಹಣೆ ನೆಲಕ್ಕೆ ತಾಗಿದ ಕೂಡಲೇ ಉಸಿರು ನಿಂತೇ ಹೋಯಿತು ಅನಿಸುತ್ತಿತ್ತು. ಶುಕ್ರವಾರದ ಜುಮಾ ನಮಾಜಿಗೇ ಹೋಗದಾದೆ. ಮನೆಯಲ್ಲಿ ಹೆಂಡತಿ ಆಸ್ಯಮ್ಮನ ಹತ್ತಿರ ಅಂಗಡಿಯ ಕೆಲಸ ಎಂದೆ. ಅವಳು ನಂಬಲಿಲ್ಲ. ಕೊನೆಗೆ ಡಾಕ್ಟರರ ಹತ್ತಿರ ಎಲ್ಲ ಹೇಳಿಬಿಟ್ಟೆ.

ಡಾಕ್ಟರರು ನನಗೆ ಹುಚ್ಚು ಎನ್ನಲಿಲ್ಲ, ಧೈರ್ಯ ತಂದುಕೋ ಎಂದು ಗದರಲೂ ಇಲ್ಲ. "ಮೂಸಕುಂಞಿಯವರೇ, ಉಬ್ಬಸ ಬೇರೆ, ಹೆದರಿಕೆ ಬೇರೆ. ಅದಕ್ಕೂ ಮದ್ದು ಉಂಟು, ನಿಧಾನಕ್ಕೆ ಮಾಡುದು" ಎಂದರು. ಮುಂದಿನ ಶುಕ್ರವಾರ ಮದ್ದಿನ ಬ್ಯಾಗು ಹಿಡಿದು ಮಸೀದಿಯ ಮೆಟ್ಟಿಲಲ್ಲೇ ಕುಳಿತರು! ನಾನು ಬಾಗಿಲ ಬಳಿಯ ಕೊನೆಯ ಸಾಲಿನಲ್ಲಿ ನಿಂತೆ. ಆಮೇಲಿನ ವಾರ ಅವರು ಗೇಟಿನ ಹತ್ತಿರ. ಆಮೇಲೆ ರಸ್ತೆಯಾಚೆ, ಹೈದರನ ಹೋಟೆಲಿನಲ್ಲಿ.

ಒಂದು ದಿನ ನಮಾಜು ಮುಗಿಸಿ ಹೋಟೆಲಿಗೆ ಹೋದೆ. ಬ್ಯಾಗು ಕಾಣಲಿಲ್ಲ.

"ಬ್ಯಾಗು ಎಲ್ಲಿ ಡಾಕ್ಟ್ರೇ?"

"ಡಿಸ್ಪೆನ್ಸರಿಯಲ್ಲೇ ಉಂಟು. ಇವತ್ತು ನಾನು ಚಾ ಕುಡಿಲಿಕ್ಕೆ ಬಂದದ್ದು."

ನನಗೆ ಸಿಟ್ಟು ಬಂತು. ಆಮೇಲೆ ನಗು ಬಂತು. ಆಮೇಲೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಹೈದರನ ಎದುರಿಗೇ ಅತ್ತುಬಿಟ್ಟೆ. ಇಂಥ ಡಾಕ್ಟರರು ನಮ್ಮ ಕಡಬದಲ್ಲಿದ್ದರು ಎಂದು ನಾನು ಎಲ್ಲಿ ಬೇಕಾದರೂ ಎದೆತಟ್ಟಿ ಹೇಳುತ್ತೇನೆ.

ಸಭೆ ತುಂಬಿದೆ, ಸೆಕೆ ಉಂಟು. ಯಾರಾದರೂ ಆ ಕಿಟಕಿ ಸ್ವಲ್ಪ... ಬೇಡ, ಬೇಡ. ಇರಲಿ.

ಉಬ್ಬಸ ಈಗಲೂ ಇದೆ, ಅದು ನನ್ನ ಜೊತೆಗೇ ಇರುತ್ತದಂತೆ. "ಡಾಕ್ಟ್ರು ಹೋದ ಮೇಲೆ ಶುಕ್ರವಾರ ಎಂತ ಮಾಡ್ತೀರಿ?" ಎಂದು ಆಸ್ಯಮ್ಮ ನಿನ್ನೆ ಕೇಳಿದಳು. ಉತ್ತರ ಡಾಕ್ಟರರ ಎದುರಿಗೇ ಈಗ ಕೊಡುತ್ತೇನೆ. ನಾಳೆ ಶುಕ್ರವಾರ. ಅವರ ಬಸ್ಸು ಬೆಳಗ್ಗೆಯೇ ಹೊರಡುತ್ತದೆ. ನಾನು ಜುಮಾಕ್ಕೆ ಹೋಗುತ್ತೇನೆ, ಬಾಗಿಲಿನಿಂದ ಅತಿ ದೂರದ ಮೊದಲ ಸಾಲಿಗೆ.

ಇಷ್ಟು ಹೊತ್ತು ನನ್ನ ಉಸಿರಿಗೆ ಕಿವಿಗೊಟ್ಟ ನಿಮಗೆಲ್ಲ ಕೃತಜ್ಞತೆಗಳು. ಡಾಕ್ಟರರಿಗೆ, ನಿಮಗೆ, ನಮಸ್ಕಾರ.