ಬುಧವಾರದ ಆನೆ

ತಿತಿಮತಿ ಬಸ್‌ಸ್ಟ್ಯಾಂಡಿನಲ್ಲಿ ಸೌಜನ್ಯ ಫೋನ್ ನೋಡುವ ನಟನೆ ಮಾಡುತ್ತಿದ್ದಳು. ಕಿವಿ ಮಾತ್ರ ಪಕ್ಕದ ಬೆಂಚಿನ ಶಶಿಧರ, ಕೀರ್ತಿಕುಮಾರರ ಜಗಳದಲ್ಲಿತ್ತು.

"ಆನೆ ಎಲ್ಲಿದೆ ಅಂತ ತೋರಿಸೋ ಆ್ಯಪ್ ಬರೆದವನು ನಾನು. ನಾಳೆ ಬೆಳೆಗಾರರ ಸಂಘದ ಶಾಲು ಮಾತ್ರ ನಿಂಗೆ!" ಎಂದ ಶಶಿಧರ.

"ಯಾರು ಬೇಕಾದ್ರೂ ಬಳಸ್ಲಿ, ಓಪನ್ ಸೋರ್ಸ್ ಅಂತ ಬಿಟ್ಟವನು ನೀನೇ ಅಲ್ವಾ ಮಾರಾಯ?"

"ನಮ್ಮನೆ ಗೇಟೂ ಓಪನ್ನೇ. ಹಾಗಂತ ಗೇಟನ್ನೇ ಕಿತ್ಕೊಂಡು ಹೋಗ್ತೀಯಾ? ತಗೊಳ್ಳಿ, ತಿದ್ದಿ, ಬರೆದವನ ಹೆಸರು ಅಳಿಸಬೇಡಿ ಅಂತ ಲೈಸೆನ್ಸಿನಲ್ಲೇ ಇದೆ."

"ನನ್ನ ಡ್ರೈವಿಂಗ್ ಲೈಸೆನ್ಸನ್ನೇ ನಾನು ಓದಿಲ್ಲ. ಅಲ್ಲದೆ, ಇದು ಪೂರಾ ನಾನೇ ಹೊಸದಾಗಿ ಬರೆದದ್ದು."

"ಹೌದಾ? ಮತ್ತೆ ನಿನ್ನ ಆ್ಯಪ್ ಪ್ರತಿ ಬುಧವಾರ ನಮ್ಮ ಗೇಟಿನ ಹತ್ರ ಆನೆ ಯಾಕೆ ತೋರಿಸ್ತದೆ?"

"ಆನೆ ಬರ್ತದಲ್ಲ, ಅದಕ್ಕೆ."

"ಬರ್ತಿದ್ದದ್ದು ಆನೆಯಲ್ಲ, ಪೂವಮ್ಮತ್ತೆ. ವಾರವಾರ ನನಗೊಂದು ಸಂಬಂಧ ಹಿಡ್ಕೊಂಡು. ಅವರು ಹೆದರಲಿ ಅಂತ ಆ ಸುಳ್ಳು ಆನೆ ನನ್ನ ಕೋಡಿನಲ್ಲಿ ನಾನೇ ಬರೆದಿಟ್ಟಿದ್ದು!"

ಕೀರ್ತಿಕುಮಾರ ಹಣೆ ಚಚ್ಚಿಕೊಂಡ.

"ಅಯ್ಯೋ ಪಾಪಿ! ಆರು ತಿಂಗಳಿಂದ ಬುಧವಾರ ಬಂದ್ರೆ ನಾನು ನಿಮ್ಮ ರಸ್ತೆ ಬಿಟ್ಟು ಸುತ್ತಿ ಹೋಗ್ತಿದ್ದೀನಲ್ಲೋ!"

ಬಸ್ ಬಂತು. ಇಬ್ಬರೂ ಎದ್ದರು.

"ಆಯ್ತು, ನಾಳೆ ವೇದಿಕೆ ಮೇಲೆ ನಿನ್ನ ಹೆಸರು ಹೇಳ್ತೀನಿ. ಆ ಆನೇನ ತೆಗೆದುಬಿಡ್ಲಾ?"

"ಅದನ್ನ ಮುಟ್ಟಬೇಡ ಮಾರಾಯ, ಅತ್ತೆ ಇನ್ನೂ ನಂಬ್ತಾರೆ," ಎನ್ನುತ್ತ ಶಶಿಧರ ಬಸ್ ಹತ್ತಿದ.